ಟಿರಿಟಿರಿ ಮಾಟಂಗಿ: ಜನ ನೆಟ್ಟ ಕಾಡು

ನ್ಯೂಜಿಲೆಂಡಿನಲ್ಲಿ ಅಪರೂಪದ ಹಕ್ಕಿಗಳನ್ನು ಉಳಿಸಲು ಹೆಚ್ಚಾಗಿ ಅನುಸರಿಸುತ್ತಿದ್ದ ದಾರಿ ಇದು: ದ್ವೀಪವನ್ನು ಮೀಸಲಿಟ್ಟು ಜನರನ್ನು ದೂರವಿಡುವುದು. ಆಕ್ಲೆಂಡಿನ ಹತ್ತಿರ ಹೌರಾಕಿ ಕೊಲ್ಲಿಯಲ್ಲಿರುವ ಟಿರಿಟಿರಿ ಮಾಟಂಗಿ ಇದಕ್ಕೆ ವಿರುದ್ಧವಾಗಿ ನಡೆದುಕೊಂಡಿತು. ಅದರ ದೊಡ್ಡ ಸಾಧನೆ ಇದೇ ಎಂದು ನಾನು ನಂಬುತ್ತೇನೆ.

ಸುಮಾರು 220 ಹೆಕ್ಟೇರಿನ ಈ ದ್ವೀಪದ ಕಾಡು ಬೇಸಾಯಕ್ಕೂ ಕುರಿ-ದನಗಳ ಮೇವಿಗೂ ಬಲಿಯಾಗಿ, ಕಣಿವೆಗಳಲ್ಲಿ ಒಂದಿಷ್ಟು ಮಾತ್ರ ಉಳಿದಿತ್ತು. 1971ರಲ್ಲಿ ಗುತ್ತಿಗೆ ಮುಗಿದು ಜಾನುವಾರು ಹೊರಟರೂ ಕಾಡು ತಾನಾಗಿ ಮರಳಲಿಲ್ಲ. ಮೊಳೆತ ಸಸಿಗೆ ದಟ್ಟ ಹುಲ್ಲು ಬೆಳಕು ಬಿಡಲಿಲ್ಲ, ಉದುರಿದ ಬೀಜವನ್ನು ಇಲಿ ಬಿಡಲಿಲ್ಲ. ಆಗ ಆಕ್ಲೆಂಡ್ ವಿಶ್ವವಿದ್ಯಾಲಯದ ಜಾನ್ ಕ್ರೇಗ್ ಮತ್ತು ನೀಲ್ ಮಿಚೆಲ್, ನೆಡುವ ಕೆಲಸವನ್ನು ಸಾಮಾನ್ಯ ಜನರಿಗೇ ಒಪ್ಪಿಸೋಣ ಎಂದರು. ದ್ವೀಪದ ದೀಪಸ್ತಂಭದ ಕೊನೆಯ ಕಾವಲುಗಾರ ರೇ ವಾಲ್ಟರ್ ಸಸಿಮಡಿಯ ಹೊಣೆ ಹೊತ್ತರು. 1984ರಿಂದ 1994ರವರೆಗೆ ಶಾಲಾ ಮಕ್ಕಳು, ನಿವೃತ್ತರು, ನಗರದ ಕುಟುಂಬಗಳು ದೋಣಿಯೇರಿ ಬಂದು ಸುಮಾರು 2.8 ಲಕ್ಷ ಸಸಿ ನೆಟ್ಟರು. 1988ರಲ್ಲಿ ಹುಟ್ಟಿದ ಬೆಂಬಲಿಗರ ಸಂಘ ಇಂದಿಗೂ ದ್ವೀಪದ ಬೆನ್ನಿಗಿದೆ. ತಾನೇ ನೆಟ್ಟ ಗಿಡದ ನೆರಳಲ್ಲಿ ನಿಂತು ಹಕ್ಕಿಯ ಕೂಗು ಕೇಳಿದವನು ಆ ಕಾಡನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಆದರೆ ನೆಟ್ಟದ್ದೆಲ್ಲ ಕಾಡಾಯಿತೇ? ಕೆಂಪು ಹೂವಿನ ಪೊಹುಟುಕಾವಾ ಮರಗಳನ್ನು, ಬಹಳಷ್ಟು ಸಾಯಬಹುದೆಂಬ ಅಂದಾಜಿನಲ್ಲಿ, ಒತ್ತೊತ್ತಾಗಿ ನೆಟ್ಟರು. ಸಾಯಲಿಲ್ಲ. ಇಂದು ಅವುಗಳ ದಟ್ಟ ನೆರಳಿನಡಿ ಬೇರೆ ಜಾತಿಗಳು ಮೇಲೇಳಲು ಹೆಣಗುತ್ತಿವೆ. ಸಸಿಗಳ ಲೆಕ್ಕದಲ್ಲಿ ಗೆದ್ದ ಯೋಜನೆ ವೈವಿಧ್ಯದಲ್ಲಿ ಎಡವಿದ್ದು ಇಲ್ಲಿ.

1993ರಲ್ಲಿ ಹೆಲಿಕಾಪ್ಟರಿನಿಂದ ವಿಷ ಚೆಲ್ಲಿ ಕಿಯೋರೆ ಎಂಬ ಆ ಬೀಜ ತಿನ್ನುವ ಇಲಿಯನ್ನು ನಿರ್ಮೂಲ ಮಾಡಿದರು. ಅದು ಮೂಲನಿವಾಸಿ ಮಾವೊರಿಗಳ ಪೂರ್ವಜರ ಜೊತೆ ಬಂದದ್ದು, ಕೆಲವು ಬುಡಕಟ್ಟುಗಳಿಗೆ ಅಮೂಲ್ಯವೂ ಹೌದು. ಆ ನಷ್ಟವನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ನೆಲದಲ್ಲಿ ಮೊಟ್ಟೆಯಿಡುವ ಜೀವಿಗಳಿಗಾಗಿ ಆ ನಿರ್ಮೂಲನೆ ಬೇಕಿತ್ತು.

ಹಿಹಿ ಹಕ್ಕಿಯ ಕಥೆ ಇನ್ನೂ ಕಠಿಣ. 1995ರಲ್ಲಿ ದ್ವೀಪಕ್ಕೆ ತಂದ ಈ ಹಕ್ಕಿಗಳಿಗೆ ಎಳೆಯ ಕಾಡಿನಲ್ಲಿ ಗೂಡಿಗೆ ತಕ್ಕ ಪೊಟರೆಯಿಲ್ಲ, ವರ್ಷವಿಡೀ ಸಿಗುವಷ್ಟು ಮಕರಂದವಿಲ್ಲ. ಹಾಗಾಗಿ ಮರದ ಪೆಟ್ಟಿಗೆಗಳೇ ಗೂಡು, ಸಕ್ಕರೆ ನೀರೇ ಮಕರಂದದ ಬದಲಿ. ನೀರಿನ ಸುತ್ತ ತಂತಿಬಲೆಯ ಪಂಜರವಿದೆ. ಅದರ ಕಿಂಡಿಯಲ್ಲಿ ಹಿಹಿ ನುಸುಳಬಲ್ಲದು, ದೊಡ್ಡ ಗಾತ್ರದ ಟೂಯಿ ಹಕ್ಕಿ ನುಸುಳಲಾರದು. ಆ ಪಾತ್ರೆಗಳನ್ನು ಯಾರಾದರೂ ತೊಳೆದು ತುಂಬುತ್ತಲೇ ಇರಬೇಕು. ಇಲ್ಲಿ ಹೆಚ್ಚಿದ ಹಿಹಿಗಳನ್ನು ಬೇರೆ ತಾಣಗಳಿಗೂ ಒಯ್ದು ನೆಲೆಗೊಳಿಸಿರುವುದರಿಂದ ಈ ಶ್ರಮ ವ್ಯರ್ಥವೆನ್ನಲಾಗದು.

ದ್ವೀಪಕ್ಕೆ ಬರುವವರಿಗೆ ಹಕ್ಕಿ ತೋರಿಸುವುದಷ್ಟೇ ಈಗ ಸಾಲದು. ಪೊಹುಟುಕಾವಾ ಕಡಿದು ಬೆಳಕು ಬಿಟ್ಟು, ಪೊಟರೆ ಮೂಡಬಲ್ಲ, ಬೇರೆ ಬೇರೆ ಕಾಲದಲ್ಲಿ ಹೂಬಿಡುವ ಮರಗಳನ್ನು ಬೆಳೆಸುವ ಕೆಲಸಕ್ಕೂ ಸಂಘ ಅದೇ ಜನರನ್ನು ಕರೆಯಬೇಕು. ನೆಟ್ಟ ಕೈಗೇ ಕಡಿಯಲು ಹೇಳುವುದು ಕಷ್ಟ. ಹಿಹಿಗೆ ತನ್ನ ಕಾಡಿನಲ್ಲೇ ಅನ್ನ ಸಿಗಬೇಕಾದರೆ ಅದನ್ನು ಹೇಳಲೇಬೇಕು.