ಶಾಲೆಗೆ ಯಾವ ದಾರೀಲಿ ಹೋಗ್ತಿದ್ರಿ?

"ನಿಮ್ಮ ಕಾಲ ಹೆಂಗಿತ್ತು?" ಎಂದು ಹಿರಿಯರನ್ನು ಕೇಳಬೇಡಿ. ಕೇಳಿದಿರೋ, ಉತ್ತರ ತಯಾರಾಗಿಯೇ ಇರುತ್ತದೆ. "ಆ ಕಾಲನೇ ಬ್ಯಾರೆ ಬಿಡ್ರಿ." ಮಳೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಬೆಣ್ಣೆ ಬೆಣ್ಣೆಯಂಗೇ ಇರುತ್ತಿತ್ತು, ಮೇಷ್ಟ್ರ ನೆರಳು ಕಂಡರೆ ಹುಡುಗರು ನಡುಗುತ್ತಿದ್ದರು. ದಾವಣಗೆರೆಯಲ್ಲೂ ಇದೇ ಮಾತು, ಧಾರವಾಡದಲ್ಲೂ ಇದೇ ಮಾತು. ಒಂದು ಊರಿನ ಹೆಸರು ತೆಗೆದು ಇನ್ನೊಂದು ಊರಿನ ಹೆಸರು ಹಾಕಿದರೂ ನಡೆಯುವಂಥ ನೆನಪಿನಿಂದ ಊರಿನ ಚರಿತ್ರೆಗೆ ಮೂರು ಕಾಸಿನ ಪ್ರಯೋಜನವಿಲ್ಲ.

ಊರಿನ ಹಳೆಯ ಸಂಗತಿ ಹುಡುಕುವ ಹುಚ್ಚು ಹತ್ತಿದವರಿಗೆ ನಾನು ಕೊಡುವ ಪ್ರಶ್ನೆ ಬೇರೆ. "ಮನೆಯಿಂದ ಶಾಲೆಗೆ ಯಾವ ದಾರೀಲಿ ಹೋಗ್ತಿದ್ರಿ?" ಅಷ್ಟೇ. ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಹಿರಿಯರ ಕಣ್ಣು ಒಂದು ಕ್ಷಣ ಬೇರೆ ಕಡೆ ಹೋಗುತ್ತದೆ, ಕೈ ಗಾಳಿಯಲ್ಲೇ ಎಡಕ್ಕೆ ಬಲಕ್ಕೆ ತಿರುಗತೊಡಗುತ್ತದೆ. ಇಸವಿ ಮರೆತವರಿಗೂ ತಿರುವು ಮರೆತಿರುವುದಿಲ್ಲ.

ನಾನಿರುವ ದಾವಣಗೆರೆಯ ವಿದ್ಯಾನಗರ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಬಡಾವಣೆಗೆ ಸ್ವಂತದ ಹಳೇ ಕಥೆ ಹೆಚ್ಚಿಲ್ಲ. 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಹೀಗೆ ಒಂದರ ಹಿಂದೊಂದು ಬಂದು, ಮಿಲ್ಲಿನ ಊರು ಕಾಲೇಜಿನ ಊರಾಗುತ್ತ ಹೋದಂತೆ ಹೊಲಗಳ ಮೇಲೆ ಎದ್ದ ಮನೆಗಳು ಇವು. ಆದರೆ ಮನೆ ಕಟ್ಟಿದವರು ಎಲ್ಲೆಲ್ಲಿಂದಲೋ ಬಂದವರು. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಚೌಕಿಪೇಟೆ, ಮಂಡಿಪೇಟೆ, ಕಾಯಿಪೇಟೆ, ಹರಿಹರದ ಕೋಟೆ ಓಣಿ, ಮಲೇಬೆನ್ನೂರು, ಜಗಳೂರು ಎಲ್ಲ ಒಟ್ಟಿಗೆ ಕೂತಿರುತ್ತವೆ. ಮೂರು ತಾಲೂಕು ಸುತ್ತುವ ಬಸ್ ಚಾರ್ಜು ಉಳಿಯಿತು.

ಅಲ್ಲಿ ಸಿಗುವ ಒಬ್ಬ ಅಜ್ಜಿಯ ಬಾಲ್ಯ ಹಳೇ ಊರಿನದು. ಶಾಲೆಯ ದಾರಿ ಕೇಳಿದ್ದಕ್ಕೆ ಅವರು ಬೀದಿಗಳ ಹೆಸರು ಹೇಳಲೇ ಇಲ್ಲ, ವಾಸನೆಗಳನ್ನು ಹೇಳಿದರು. "ಮೊದ್ಲು ಮೆಣಸಿನಕಾಯಿ ಘಾಟು. ದಲ್ಲಾಳಿ ಅಂಗಡಿ ಮುಂದೆ ಚೀಲ ಇಳಿಸೋರು, ಸೆರಗು ಮೂಗಿಗೆ ಹಿಡ್ಕಂಡು ಓಡಾದು. ಆಮ್ಯಾಲೆ ಶೇಂಗಾ ಎಣ್ಣೆದು. ಅದು ಬಂತು ಅಂದ್ರೆ ಅರ್ಧ ದಾರಿ ಆತು ಅಂತ. ಗಡಿಯಾರ ಕಂಬದ ಹತ್ರ ಬಂದ್ಮ್ಯಾಲೆ ಹೂವಿಂದು." ನಾನು ಕಾಗದದ ಮೇಲೆ ಗೆರೆ ಎಳೆದುಕೊಂಡೆ. ಯಾವ ವ್ಯಾಪಾರ ಯಾವ ಮೂಲೆಯಲ್ಲಿತ್ತು, ಒಂದರ ಪಕ್ಕ ಒಂದು ಹೇಗಿದ್ದವು ಎಂಬ ನಕ್ಷೆಯೇ ತಯಾರಾಯಿತು. ಮುನಿಸಿಪಾಲಿಟಿಯ ದಫ್ತರಿನಲ್ಲಿ ಲೈಸೆನ್ಸು ಸಿಗಬಹುದು, ಘಾಟು ಸಿಗುವುದಿಲ್ಲ.

ಇಂಗ್ಲೆಂಡಿನವರು ಈ ಕೆಲಸವನ್ನು ನಮಗಿಂತ ಮೊದಲೇ ಶಿಸ್ತಿನಿಂದ ಮಾಡಿದರು. 1948ರಲ್ಲಿ ಜಾರ್ಜ್ ಎವರ್ಟ್ ಇವಾನ್ಸ್ ಎಂಬ ವೇಲ್ಸ್ ಮೂಲದ ಲೇಖಕ ಸಫೋಕ್ ಸೀಮೆಯ ಬ್ಲಾಕ್ಸಾಲ್ ಹಳ್ಳಿಗೆ ಬಂದ. ಹೆಂಡತಿಗೆ ಅಲ್ಲಿನ ಶಾಲೆಯಲ್ಲಿ ಕೆಲಸ. ಈತ ಅಕ್ಕಪಕ್ಕದ ಮುದುಕರ ಜೊತೆ ಕೂತು ಮಾತಾಡಿಸುತ್ತ ಹೋದ. ಕುದುರೆ ಹೂಡಿ ಉಳುತ್ತಿದ್ದದ್ದು, ಕುಡುಗೋಲಿನಲ್ಲಿ ಕೊಯ್ಯುತ್ತಿದ್ದದ್ದು, ಮನೆಯಲ್ಲೇ ಬ್ರೆಡ್ ಸುಡುತ್ತಿದ್ದದ್ದು ಎಲ್ಲವನ್ನೂ ಬರೆದುಕೊಂಡು 1956ರಲ್ಲಿ ಪುಸ್ತಕ ಮಾಡಿದ. ಅದರ ಹಿಂದಿನ ವರ್ಷವಷ್ಟೇ ಹಾಸ್ಕಿನ್ಸ್ ಎಂಬ ಇತಿಹಾಸಕಾರ, ಬೇಲಿ, ಬದು, ಕಾಲುದಾರಿಗಳನ್ನೇ ದಾಖಲೆಯಾಗಿ ಓದುವುದು ಹೇಗೆ ಎಂದು ತೋರಿಸಿದ್ದ. 1959ರಲ್ಲಿ ಲಾರಿ ಲೀ ಎಂಬ ಲೇಖಕ ತನ್ನ ಸ್ಲ್ಯಾಡ್ ಕಣಿವೆಯ ಬಾಲ್ಯ ಬರೆದ. ಈ ಮೂವರಲ್ಲಿ ನನ್ನ ಮತ ಇವಾನ್ಸನಿಗೆ. ಲಾರಿ ಲೀ ಸೊಗಸುಗಾರ, ಓದಲು ಹಿತ. ಆದರೆ ಸೊಗಸು ಹೆಚ್ಚಾದಲ್ಲಿ ಊರು ಹಿಂದೆ ಸರಿದು ಬರೆಯುವವನೇ ಮುಂದೆ ಬಂದು ನಿಲ್ಲುತ್ತಾನೆ. ಇವಾನ್ಸ್ ಹಾಗಲ್ಲ, ಹೇಳುವವನಿಗೆ ಜಾಗ ಬಿಟ್ಟು ತಾನು ಬದಿಗೆ ಸರಿಯುತ್ತಾನೆ. ನಮ್ಮಲ್ಲಿ ಗೊರೂರರು ಹೇಮಾವತಿಯ ದಂಡೆಯ ಜನರನ್ನು ಅದಕ್ಕೂ ಮೊದಲೇ ಬರೆದಿದ್ದರು ಎನ್ನುವುದನ್ನೂ ಹೇಳಿಬಿಡುತ್ತೇನೆ, ಎಲ್ಲದಕ್ಕೂ ಸೀಮೆಯವರೇ ಗುರುಗಳೆಂದು ಯಾರೂ ತಿಳಿಯಬಾರದು.

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಹದಿನಾಲ್ಕು ಹದಿನೈದು ಕಿಲೋಮೀಟರು. ಚರಿತ್ರೆಯ ಲೆಕ್ಕದಲ್ಲಿ ಮಾತ್ರ ಒಬ್ಬ ಶ್ರೀಮಂತ, ಇನ್ನೊಬ್ಬ ಬಡವ. ಹರಿಹರಕ್ಕೆ ಕಲ್ಲು ಇದೆ. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಥ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನವಿದೆ. ಅಂಗಳದಲ್ಲಿ ಶಾಸನಗಳು ನಿಂತಿವೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವನ್ನು ಓದಿ, 1903ರ ಚಿತ್ರದುರ್ಗ ಜಿಲ್ಲೆಯ ಶಾಸನ ಸಂಪುಟದಲ್ಲಿ ದಾವಣಗೆರೆ ತಾಲೂಕಿನ ಲೆಕ್ಕಕ್ಕೆ ಸೇರಿಸಿ ಅಚ್ಚು ಹಾಕಿಸಿದ. ಬ್ರಿಟಿಷರ ಕಾಗದಪತ್ರಗಳಲ್ಲೂ ಹರಿಹರದ ಹೆಸರು ಮತ್ತೆ ಮತ್ತೆ ಬರುತ್ತದೆ. ಮೈಸೂರು ಸೀಮೆ ಮುಗಿದು ಮುಂಬಯಿ ಕಡೆಯ ಸೀಮೆ ಶುರುವಾಗುವ ಹೊಳೆದಂಡೆ ಇದು. 1803ರ ಮಾರ್ಚಿನಲ್ಲಿ ಇಲ್ಲಿ ಜಮಾಯಿಸಿದ್ದ ದಂಡಿನ ಒಂದು ಪಾಲನ್ನು ಕರೆದುಕೊಂಡು ಆರ್ಥರ್ ವೆಲ್ಲೆಸ್ಲಿ ಹಾವನೂರಿನ ಹತ್ತಿರ ತುಂಗಭದ್ರೆ ದಾಟಿ ಪುಣೆಗೆ ಹೋದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ್ದು ಇವನೇ. 1865ರವರೆಗೆ ಊರಿನ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ ಸಿಪಾಯಿಗಳ ದಂಡು ಬೀಡುಬಿಟ್ಟಿತ್ತು. ದಂಡು ಹೋದ ಮೂರು ವರ್ಷಕ್ಕೆ, 1868ರಲ್ಲಿ, ಅರವತ್ತು ಅಡಿ ಅಗಲದ 14 ಕಮಾನುಗಳ ಸೇತುವೆ ಮುಗಿಯಿತು. ಖರ್ಚು ಸುಮಾರು ಮೂರೂವರೆ ಲಕ್ಷ ರೂಪಾಯಿ. ಇಷ್ಟೆಲ್ಲ ಕೂತಲ್ಲೇ ಗೆಜೆಟಿಯರಿನಲ್ಲಿ ಓದಬಹುದು.

ದಾವಣಗೆರೆಗೆ ಆ ಭಾಗ್ಯವಿಲ್ಲ. ಬೇತೂರಿನ ಸೆರಗಿಗೆ ಅಂಟಿಕೊಂಡಿದ್ದ ಸಣ್ಣ ಊರಿದು. ಹೈದರಾಲಿ ಇದನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಆತ ವರ್ತಕರನ್ನು ಕರೆದು ನೆಲೆ ನಿಲ್ಲಿಸಿದ. ಅಲ್ಲಿಂದ ಪೇಟೆ ಬೆಳೆಯಿತು. ಕಂಬಳಿ, ಕಾಳುಕಡಿ, ಹತ್ತಿ. 1930ರ ದಶಕದಲ್ಲಿ ರಾಜನಹಳ್ಳಿ ಮನೆತನದವರ ಕಾಟನ್ ಮಿಲ್ ಬಂತು, ಹಿಂದೆಯೇ ಇನ್ನಷ್ಟು ಮಿಲ್ಲುಗಳು ಬಂದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಅಂಟಿತು. ವರ್ತಕರು ಶಾಸನ ಕೆತ್ತಿಸುವುದಿಲ್ಲ, ಲೆಕ್ಕದ ಪುಸ್ತಕ ಬರೆಯುತ್ತಾರೆ. ಅದೂ ಒಂದು ತಲೆಮಾರು ಕಳೆದರೆ ಗೆದ್ದಲಿಗೆ. ಮಿಲ್ಲುಗಳೂ 1980, 90ರ ದಶಕಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ಹೀಗಾಗಿ ದಾವಣಗೆರೆಯ 20ನೇ ಶತಮಾನ ಉಳಿದಿರುವುದು ಹೆಚ್ಚಾಗಿ ಅದರ ಮಕ್ಕಳ ತಲೆಯಲ್ಲಿ. ಕಲ್ಲಿಲ್ಲದ ಊರಿಗೆ ಬಾಲ್ಯವೇ ಶಾಸನ.

ಮಿಲ್ಲಿನ ಮಕ್ಕಳ ನೆನಪೆಂದರೆ ನನಗೆ ಎಲ್ಲಕ್ಕಿಂತ ಆಸೆ. ಒಬ್ಬರು ಹೇಳಿದ್ದನ್ನು ಅವರ ಮಾತಲ್ಲೇ ಬರೆದಿಟ್ಟುಕೊಂಡಿದ್ದೇನೆ. "ನಮ್ಮಪ್ಪಂದು ಎಲ್ಡನೇ ಪಾಳಿ ಇದ್ದಾಗ ಸಂಜೀಕೆ ಬುತ್ತಿ ಒಯ್ಯೋದು ನಂದು ಕೆಲ್ಸ. ಗೇಟಿನಾಗ ನಿಂತ್ರೆ ಯಾರು ಅಪ್ಪ, ಯಾರು ಕಾಕ ಗುರ್ತೇ ಸಿಗ್ತಿರ್ಲಿಲ್ಲ. ಎಲ್ಲಾರ್ದೂ ತಲೆ, ಹುಬ್ಬು, ಮೀಸೆ ಬೆಳ್ಳಗೆ. ಹತ್ತಿ ಕುಂತಿರೋದು. ಅಪ್ಪ ಕೆಮ್ತಿದ್ದ, ಕೆಮ್ಮಿಂದ ಗುರ್ತು ಹಿಡೀತಿದ್ದೆ." ಈ ನಾಲ್ಕು ಮಾತಿನಲ್ಲಿ ಎಷ್ಟಿದೆ ನೋಡಿ. ಪಾಳಿಯ ವ್ಯವಸ್ಥೆ ಇದೆ, ಊಟ ಮನೆಯಿಂದಲೇ ಹೋಗುತ್ತಿದ್ದದ್ದು ಇದೆ, ಹತ್ತಿಯ ಧೂಳು ಶ್ವಾಸಕೋಶ ತಿನ್ನುತ್ತಿದ್ದದ್ದೂ ಇದೆ. ಈ ಊರು ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿತು. ಯಾಕೆ ಕಳಿಸಿತು ಎಂದು ಕೇಳುವವರು ಮೊದಲು ಆ ಗೇಟಿನ ಮುಂದೆ ಬುತ್ತಿ ಹಿಡಿದು ನಿಂತವರನ್ನು ಮಾತಾಡಿಸಬೇಕು.

ಹರಿಹರದಲ್ಲೂ ಕಲ್ಲಿನಾಚೆಗೆ ಇಂಥದೇ ಒಂದು ಬಾಲ್ಯವಿದೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಯಂತ್ರಗಳನ್ನು ಮಾಡತೊಡಗಿತು, ಯಂತ್ರಪುರ ಎಂದೇ ಒಂದು ಊರು ಎದ್ದಿತು. ಆ ಕಾಲೊನಿಯಲ್ಲಿ ಬೆಳೆದವರನ್ನು ಕೇಳಿ ನೋಡಿ. ಊಟದ ಹೊತ್ತು, ಆಟದ ಹೊತ್ತು, ಏಟು ತಿನ್ನುವ ಹೊತ್ತು ಎಲ್ಲವೂ ಸೈರನ್ನಿನ ಲೆಕ್ಕದಲ್ಲೇ ಹೇಳುತ್ತಾರೆ. ಹೊಳೆಯ ಆಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಬಂದ ಮೇಲೆ ಬೆಳೆದವರ ಹೊಳೆ ಬೇರೆ, ಅದಕ್ಕಿಂತ ಹಿಂದಿನವರ ಹೊಳೆ ಬೇರೆ. ಈಜು ಎಲ್ಲಿ ಕಲಿತಿರಿ ಎಂದು ಕೇಳಿದರೆ ಸಾಕು, ನೀರಿನ ಕಥೆಯೂ ತಾನಾಗಿ ಹೊರಬರುತ್ತದೆ.

ನೆನಪನ್ನು ಹಾಗೇ ನುಂಗಬೇಕೆಂದು ನಾನು ಹೇಳುತ್ತಿಲ್ಲ. ಗಾಂಧೀಜಿ ದಾವಣಗೆರೆಗೆ 1934ರಲ್ಲಿ ಹರಿಜನ ಪ್ರವಾಸದಲ್ಲಿ ಬಂದಿದ್ದರು. ಆಮೇಲೆ ಹುಟ್ಟಿದ ಹಿರಿಯರೊಬ್ಬರು ಅವರನ್ನು ಕಣ್ಣಾರೆ ಕಂಡೆ ಎನ್ನುತ್ತಾರೆ. ಅಪ್ಪನ ಹೆಗಲ ಮೇಲೆ ಕೂತಿದ್ದೆ, ಮುಂದೆ ಒಬ್ಬರ ರುಮಾಲು ಅಡ್ಡ ಬಂತು ಎಂಬ ವಿವರ ಬೇರೆ. ಸುಳ್ಳು ಹೇಳುವ ಜನವಲ್ಲ. ಅಣ್ಣನೋ ಅಕ್ಕನೋ ಆ ಹೆಗಲ ಮೇಲೆ ಕೂತಿರಬೇಕು, ಮನೆಯಲ್ಲಿ ಕೇಳಿ ಕೇಳಿ ಇವರದಾಗಿದೆ. ನಾನಾದರೆ ಅದನ್ನು ಹೊಡೆದುಹಾಕುವುದಿಲ್ಲ, ಪಕ್ಕದಲ್ಲಿ 'ಮನೆಯ ನೆನಪು' ಎಂದು ಬರೆದಿಡುತ್ತೇನೆ. ರೈಲಿನ ವಿಷಯದಲ್ಲಿ ಮಾತ್ರ ಜನ ತಪ್ಪುವುದು ಕಡಿಮೆ. ಅಶೋಕ ರಸ್ತೆಯ ಗೇಟು ಬಿದ್ದು ಯಾವ ಗಾಡಿ ಹೋದ ಮೇಲೆ ಶಾಲೆಯ ಗಂಟೆ ಬಾರಿಸುತ್ತಿತ್ತು ಎಂಬುದು ಮೀಟರ್‌ಗೇಜ್ ಕಾಲದವರಿಗೆ ಬಾಯಿಪಾಠ. "ಗೇಟ್ ಬಿದ್ದಿತ್ತು ಸಾರ್" ಎಂಬ ನೆಪ ಮೂರು ತಲೆಮಾರಿನ ಮಕ್ಕಳನ್ನು ಕಾಪಾಡಿದೆ. ಇನ್ನು ಬೆಣ್ಣೆ ದೋಸೆ. ಮೊದಲು ಹುಯ್ದದ್ದು ಯಾರು, ಯಾವ ಹೋಟೆಲಿನಲ್ಲಿ ಎಂಬ ವಿಷಯದಲ್ಲಿ ದಾವಣಗೆರೆಯವರ ಯಾವ ನೆನಪನ್ನೂ ನಂಬಬೇಡಿ. ಅಲ್ಲಿ ಅಭಿಮಾನ ಮಾತಾಡುತ್ತದೆ.

ಅದಕ್ಕಿಂತ ಮಂಡಕ್ಕಿ ಭಟ್ಟಿಯ ನೆನಪು ಗಟ್ಟಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಕಾಣಿಸಿ, ಕೆಂಪಗೆ ಕಾದ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಆ ಹೊತ್ತು ತಪ್ಪಿದರೆ ಕಪ್ಪು. ಅಲ್ಲಿ ಅಪ್ಪ ಅಮ್ಮನ ಜೊತೆ ನಿಂತ ಮಕ್ಕಳಿಗೆ ಮರಳಿನ ಬಿಸಿ ಗೊತ್ತು, ಉರುವಲಿಗೆ ಹೊಟ್ಟು ಹೋಗಿ ಹಳೇ ಟಯರು ಬಂದಾಗ ಓಣಿಯ ಗೋಡೆ ಹೇಗೆ ಕಪ್ಪಾಯಿತು ಎಂಬುದೂ ಗೊತ್ತು. ಮಂಡಕ್ಕಿ ಮೆಣಸಿನಕಾಯಿಯ ರುಚಿ ಬಣ್ಣಿಸಿ ಬರೆದದ್ದು ರಾಶಿ ಇದೆ. ಭಟ್ಟಿಯ ಮಕ್ಕಳು ಬರೆದದ್ದು ನಾನು ಕಂಡಿಲ್ಲ.

ಶಾಲೆಯ ದಾರಿ ಕೇಳುವುದರಲ್ಲಿ ಇನ್ನೊಂದು ಗುಟ್ಟಿದೆ. ಯಾವ ದಾರಿಯಲ್ಲಿ ಹೋಗುತ್ತಿರಲಿಲ್ಲ ಎಂಬುದೂ ಬಾಯಿಗೆ ಬರುತ್ತದೆ. "ಆ ಓಣಿ ಸುತ್ತಾಕ್ಕೊಂಡು ಹೋಗ್ತಿದ್ವಿ." ಯಾಕೆ? ಮಾತು ಅಲ್ಲಿ ತಡವರಿಸುತ್ತದೆ. ಒಬ್ಬರು ಮೈಲಿಗೆಗೆ ಹೆದರಿ ಸುತ್ತಿದವರು, ಇನ್ನೊಬ್ಬರು ಬೈಗುಳಕ್ಕೆ ಹೆದರಿ ಸುತ್ತಿದವರು, ಇಬ್ಬರೂ ಈಗ ಒಂದೇ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರೆ. ಯಾವ ಬಾವಿಯಲ್ಲಿ ಯಾರು ಸೇದುತ್ತಿದ್ದರು, ಹೋಟೆಲಿನ ಯಾವ ಲೋಟ ಹೊರಗೆ ಇರುತ್ತಿತ್ತು, ಹುಡುಗಿಯರ ಶಾಲೆ ಎಷ್ಟನೇ ಇಯತ್ತೆಗೆ ನಿಲ್ಲುತ್ತಿತ್ತು ಇವು 'ಆ ಕಾಲನೇ ಚೆಂದ' ಎನ್ನುವ ಬರಹಗಳಲ್ಲಿ ಸಿಗುವುದಿಲ್ಲ. ಸಿದ್ದಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಒಂದೇ ಊರಿನಲ್ಲಿ ಎಷ್ಟು ಬಾಲ್ಯಗಳಿರುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ಒಂದು ಓಣಿಯ ನೆನಪನ್ನಷ್ಟೇ ಸೇರಿಸಿ ಊರ ಚರಿತ್ರೆ ಎಂದು ಹೊರಗೆ ತಂದ ಸ್ಮರಣ ಸಂಚಿಕೆಗಳು ನನ್ನ ಕಪಾಟಿನಲ್ಲೂ ಇವೆ. ಸನ್ಮಾನದ ಫೋಟೊಗಳಿಗಷ್ಟೇ ಅವು ಲಾಯಕ್ಕು.

1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು. ಅಲ್ಲಿಯವರೆಗಿನ ಕಾಗದಪತ್ರ ಬೇಕಾದವರು ಚಿತ್ರದುರ್ಗದ ಹೆಸರಿನಡಿ ಹುಡುಕಬೇಕು. ಸರ್ಕಾರಿ ಕಡತ ಹೇಗೋ ಒಂದು ಕಡೆ ಇರುತ್ತದೆ, ಹುಡುಕುವ ತಾಳ್ಮೆ ಇದ್ದವರಿಗೆ ಸಿಕ್ಕೀತು. ಮನೆಯ ಕಾಗದ ಹಾಗಲ್ಲ. ಮಿಲ್ ಗೇಟಿಗೆ ಬುತ್ತಿ ಒಯ್ದ ಮಕ್ಕಳಿಗೆ ಈಗ ಎಪ್ಪತ್ತು ದಾಟಿದೆ. ಈ ದೀಪಾವಳಿಗೆ ಅಟ್ಟ ಶುಚಿ ಮಾಡುವಾಗ ಮಿಲ್ಲಿನ ಪಾಸು, ಸಂಬಳದ ಚೀಟಿ, ಯೂನಿಯನ್ ರಸೀದಿ, ಕಿರ್ಲೋಸ್ಕರ್ ಕಾಲೊನಿಯ ಗ್ರೂಪ್ ಫೋಟೊ, ಮಂಡಿಯ ಚೀಟಿಪುಸ್ತಕ ಏನೇ ಸಿಕ್ಕರೂ ಗುಜರಿಗೆ ಹಾಕಬೇಡಿ. ಮನೆಯ ಹಿರಿಯರ ಕೈಗೆ ಕೊಟ್ಟು ಇದು ಯಾರದ್ದು, ಯಾವ ಪಾಳಿ, ಯಾವ ಓಣಿ ಎಂದು ಕೇಳಿ, ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ.