ಮೆಟ್ನರನ ಸಂಗೀತವೂ ಮೈಸೂರಿನ ಆಶ್ರಯವೂ

ರಾಜಾಶ್ರಯವನ್ನು ಕುರಿತು ಬರೆಯುವವರು ದಾನಿಯ ಔದಾರ್ಯವನ್ನು ಹೊಗಳಿ, ಆ ದಾನದಿಂದ ಉಳಿದುಬಂದ ಕೃತಿಯ ಗುಣದೋಷಗಳನ್ನು ವಿಚಾರಿಸದೆ ಬಿಡುವುದುಂಟು. ರಷ್ಯದ ಸಂಗೀತಕರ್ತನಾದ ನಿಕೊಲಾಯ್ ಮೆಟ್ನರನಿಗೆ ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು ನೀಡಿದ ನೆರವಿನ ವಿಷಯದಲ್ಲಿಯೂ ಈ ಲೋಪವು ಕಾಣುವುದು. ಆ ಸಂಗೀತವು ಎಂತಹುದು, ಅದನ್ನು ಮೆಚ್ಚಿದ ಅಭಿರುಚಿಯು ಎಂತಹುದು ಎಂಬುದೇ ಇಲ್ಲಿ ವಿಚಾರ್ಯವಾದ ಅಂಶ.

ಮೆಟ್ನರನು 1880ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿ, 1900ರಲ್ಲಿ ಅಲ್ಲಿಯ ಸಂಗೀತ ವಿದ್ಯಾಲಯದಲ್ಲಿ ಪಿಯಾನೋ ವಾದನದ ವ್ಯಾಸಂಗವನ್ನು ಮುಗಿಸಿದನು. ರಚನೆಯ ವಿದ್ಯೆಯನ್ನಾದರೋ ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಸಾಧಿಸಿದನು. 1921ರಲ್ಲಿ ಸ್ವದೇಶವನ್ನು ತೊರೆದು, 1935ರಲ್ಲಿ ಲಂಡನ್ನಿಗೆ ಬಂದು ನೆಲೆಸಿ, 1951ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನು ಸಿಂಫನಿಯೊಂದನ್ನೂ ರಚಿಸಿದವನಲ್ಲ. ಪೂರ್ಣ ವಾದ್ಯವೃಂದವನ್ನು ಅವನು ಬಳಸಿರುವುದು ಪಿಯಾನೋ ಪ್ರಧಾನವಾದ ಮೂರು ಕಂಚೆರ್ಟೋಗಳಲ್ಲಿ.

1935ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಸಂಗೀತಕ್ಕೆ ಅಲಿಖಿತವಾದ ನಿತ್ಯನಿಯಮಗಳುಂಟೆಂದೂ, ನವೀನರು ಅವನ್ನು ಮೀರಿ ಕೇವಲ ಕಾಲದ ರೂಢಿಗೆ ದಾಸರಾದರೆಂದೂ ವಾದಿಸಿರುವನು. ಇದನ್ನು ಓದಿದ ನಮ್ಮವರು ಕೂಡಲೇ ನಾದಬ್ರಹ್ಮವನ್ನು ಸ್ಮರಿಸಿ, ಅವನನ್ನು ಭಾರತೀಯ ಶಾಸ್ತ್ರದ ಬಂಧುವೆಂದು ಕರೆಯಬಹುದು. ಅದು ಯುಕ್ತವಲ್ಲ. ಅವನ ನಿಯಮಗಳು ಅನೇಕ ಸ್ವರಗಳು ಏಕಕಾಲದಲ್ಲಿ ಕೂಡಿ ಧ್ವನಿಸುವ ಪದ್ಧತಿಯವು. ನಮ್ಮವು ರಾಗದ ಸಂಚಾರಕ್ಕೆ ಸೇರಿದವು. ಸಿದ್ಧಾಂತದಲ್ಲಿ ಸಾಮ್ಯವು ಕಂಡರೂ ಸಾಮಗ್ರಿಯಲ್ಲಿ ಭೇದವು ಉಳಿದೇ ಇರುವುದು.

ಆದುದರಿಂದ ಅವನನ್ನು ಸಿದ್ಧಾಂತದಿಂದಲ್ಲ, ಕೃತಿಯಿಂದಲೇ ಅಳೆಯಬೇಕು. ಮೂರನೆಯ ಕಂಚೆರ್ಟೋ ಯುದ್ಧಕಾಲದಲ್ಲಿ ರಚಿತವಾಗಿ, 1944ರಲ್ಲಿ ಲಂಡನ್ನಿನಲ್ಲಿ ಕರ್ತೃವಿನ ವಾದನದಿಂದಲೇ ಪ್ರಥಮವಾಗಿ ಪ್ರಕಟವಾಯಿತು. ಇದಕ್ಕೆ ಪ್ರೇರಣೆ ಲೆರ್ಮಂತೋವ್ ಕವಿಯ ಜಲಕನ್ಯೆಯ ಕವನ. ಅಲ್ಲಿ ನದಿಯ ತಳದಲ್ಲಿ ಮಲಗಿದ ವೀರನು ಕನ್ಯೆಯ ಒಲವಿಗೆ ಓಗೊಡದೆ ನಿಶ್ಚೇಷ್ಟನಾಗಿಯೇ ಉಳಿಯುವನು. ಮೆಟ್ನರನಾದರೋ ಅವನನ್ನು ಮೆಲ್ಲನೆ ಎಚ್ಚರಿಸಿ, ಕೊನೆಗೆ ಸ್ತೋತ್ರಗಾನದವರೆಗೆ ಒಯ್ಯುವನು. ಕಥೆಯನ್ನು ಹೀಗೆ ತಿದ್ದುವುದು ಸರಿಯೇ? ರಸಕ್ಕೆ ಅನುಗುಣವಲ್ಲದ ಇತಿವೃತ್ತವನ್ನು ಕವಿಯು ಮಾರ್ಪಡಿಸಬಹುದೆಂದು ಆನಂದವರ್ಧನನು ಅನುಮತಿಯಿತ್ತಿರುವನು. ಮೂರು ಭಾಗಗಳೂ ನಡುವೆ ನಿಲುಗಡೆಯಿಲ್ಲದೆ ಹರಿಯುತ್ತವೆ. ಮೊದಲು ಕೇಳಿದ ಸ್ವರವಾಕ್ಯಗಳು ಅಂತ್ಯದಲ್ಲಿ ಬೇರೊಂದು ಕಾಂತಿಯಿಂದ ಮರಳುತ್ತವೆ. ಆದಕಾರಣ ಕರುಣದಿಂದ ವೀರಕ್ಕೆ ಆಗುವ ಸಂಕ್ರಮಣವು ಹೊರಗಿನಿಂದ ಹೇರಿದುದಲ್ಲ. ಕೊನೆಯ ಭಾಗದಲ್ಲಿ ಹೆಣಿಗೆಯು ಅತಿ ನಿಬಿಡವಾಗಿ, ಒಮ್ಮೆ ಕೇಳಿದವನಿಗೆ ದಾರಿ ತಪ್ಪುವುದೆಂಬ ಆಕ್ಷೇಪವು ಮಾತ್ರ ನಿಲ್ಲುವುದು.

ಮಹಾರಾಜರ ಅಭಿರುಚಿಯನ್ನು ಅಳೆಯಲು ಒಂದು ಸಂಗತಿ ಸಾಕು. ಮೆಟ್ನರನಿಗೆ ರಿಚರ್ಡ್ ಸ್ಟ್ರಾಸನ ಹಾದಿಯು ಸಮ್ಮತವಾಗಿರಲಿಲ್ಲ. ಆದರೆ ಅದೇ ಸ್ಟ್ರಾಸನ ಕೊನೆಯ ನಾಲ್ಕು ಗೀತಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲು ಕೇಳಿಬಂದುದಕ್ಕೆ ನೆರವಾದವರು ಈ ಮಹಾರಾಜರೇ. ಶ್ರೀವಿದ್ಯಾ ಉಪಾಸಕರಾಗಿ ಕರ್ಣಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಅವರು, ಆಶ್ರಿತನ ಸಿದ್ಧಾಂತಕ್ಕೆ ತಮ್ಮ ಕಿವಿಯನ್ನು ಮಾರಲಿಲ್ಲ. ಸಹೃದಯತ್ವವು ಪಕ್ಷಪಾತವಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನವೇನು ಬೇಕು?

ಅವರು ಕೊಟ್ಟುದು ಬಿರುದಲ್ಲ, ಖಿಲ್ಲತ್ತಲ್ಲ. 1946ರಲ್ಲಿ ಮೆಟ್ನರನ ಹೆಸರಿನ ಸಂಘವೊಂದನ್ನು ಸ್ಥಾಪಿಸಿ, ಕೃತಿಗಳನ್ನು ಕರ್ತೃವಿನಿಂದಲೇ ನುಡಿಸಿ ಧ್ವನಿಮುದ್ರಿಸಿದರು. 1947ರಲ್ಲಿ ಮೂರು ಕಂಚೆರ್ಟೋಗಳೂ ಮುದ್ರಿತವಾದವು. ಮೂರನೆಯದನ್ನು ಅವನು ಮಹಾರಾಜರಿಗೇ ಅರ್ಪಿಸಿದನು. ನಾಲ್ಕು ವರ್ಷ ತಡವಾಗಿದ್ದರೆ ಆ ಕೈಯ ನಾದವು ಲೋಕಕ್ಕೆ ದೊರೆಯುತ್ತಿರಲಿಲ್ಲ.

ಈ ವಿಷಯವು ಯಾದಗಿರಿ, ಶಹಾಪುರ, ಸುರಪುರಗಳ ಪ್ರಾಂತಕ್ಕೆ ದೂರದ್ದೆಂದು ತೋರಬಹುದು. ಕಮಲೇಶವಿಠ್ಠಲಾಂಕಿತರಾದ ಸುರಪುರದ ಆನಂದದಾಸರ ಪದಗಳನ್ನು ನಾವು ಓದುತ್ತೇವೆ. ಅವರು ಅವನ್ನು ಹಾಡಿದ ಧಾಟಿಯನ್ನು ಕೇಳಿದವರಿಲ್ಲ. ಸಾಹಿತ್ಯವು ಓಲೆಯಲ್ಲಿಯೂ ಕಾಗದದಲ್ಲಿಯೂ ನಿಂತಿತು, ಸಂಗೀತವು ಕಂಠದೊಡನೆ ಹೋಯಿತು. ಈಗಲೂ ಭಜನೆಯ ಮೇಳಗಳಲ್ಲಿ ತತ್ತ್ವಪದಗಳನ್ನು ಹಾಡುವ ವೃದ್ಧರಿರುವರು. ಪಾಠಾಂತರಗಳನ್ನು ಸೂಕ್ಷ್ಮವಾಗಿ ಶೋಧಿಸುವ ವಿದ್ವಾಂಸರು ಧಾಟಿಯನ್ನೂ ಪಾಠದ ಅಂಗವೆಂದೇ ಭಾವಿಸಿ, ಹಾಡುವವರ ಕಂಠದಿಂದಲೇ ಅದನ್ನು ಸಂಗ್ರಹಿಸತಕ್ಕದ್ದು. ಧಾಟಿಯಿಲ್ಲದ ಪದಸಂಪುಟವು ಎಷ್ಟೇ ಶುದ್ಧವಾಗಿದ್ದರೂ ಅರ್ಧ ಗ್ರಂಥವೇ ಸರಿ.