ಮುಂಬೈ ಕನ್ನಡಿಗ ಎಂಬ ಹಣೆಪಟ್ಟಿ

2011ರ ಜನಗಣತಿಗೆ ನಮ್ಮ ಮನೆಗೆ ಬಂದಿದ್ದ ಮಾಸ್ತರರು ಮಾತೃಭಾಷೆ ಯಾವುದೆಂದು ಕೇಳಿದಾಗ ನಾನು "ತುಳು" ಅಂದೆ. ಅದೇ ಸಂಜೆ ಸಂಘದ ಸಭೆಯಲ್ಲಿ "ನಾವು ಮುಂಬೈ ಕನ್ನಡಿಗರು" ಅಂತ ಭಾಷಣವನ್ನೂ ಮಾಡಿದೆ. ಎರಡನ್ನೂ ಕೇಳಿದ್ದ ಮಗಳು, "ಪಪ್ಪಾ, ಇದ್ರಲ್ಲಿ ಯಾವುದು ಸುಳ್ಳು?" ಅಂದಳು.

ಅವಳಿಗೆ ಆಗ ಉತ್ತರ ಹೇಳಲಾಗಲಿಲ್ಲ. ನಿವೃತ್ತಿಯ ನಂತರ ಯಶವಂತ ಚಿತ್ತಾಲರನ್ನೂ ಜಯಂತ ಕಾಯ್ಕಿಣಿಯವರನ್ನೂ ಮತ್ತೆ ಓದುವಾಗ ಅದೇ ಪ್ರಶ್ನೆ ಎದುರಾಯಿತು. ಚಿತ್ತಾಲರು ಹನೇಹಳ್ಳಿಯವರು, ಕಾಯ್ಕಿಣಿಯವರು ಗೋಕರ್ಣದವರು. ಇಬ್ಬರ ಮನೆಮಾತೂ ಕೊಂಕಣಿ, ಇಬ್ಬರೂ ಮುಂಬೈಯಲ್ಲಿ ದುಡಿದವರು, ಬರೆದದ್ದು ಕನ್ನಡದಲ್ಲಿ. ನಾವು ಮಾತ್ರ ಇಬ್ಬರಿಗೂ "ಹೊರನಾಡ ಕನ್ನಡಿಗ" ಅನ್ನುವ ಒಂದೇ ಚೀಟಿ ಅಂಟಿಸಿ, ಹಾರ ಹಾಕಿ ಕೂರಿಸಿಬಿಡುತ್ತೇವೆ. ಅವರ ಪುಸ್ತಕಗಳು ಆ ಚೀಟಿಯನ್ನು ಒಪ್ಪುತ್ತವೆಯೇ?

'ಶಿಕಾರಿ' (1979) ಒಪ್ಪುವುದಿಲ್ಲ. ಕಂಪೆನಿಯಿಂದ ಸಸ್ಪೆಂಡ್ ಆದ ನಾಗಪ್ಪನಿಗೆ ತನ್ನನ್ನು ಬೇಟೆಯಾಡುತ್ತಿರುವವರು ಯಾರೆಂಬುದೇ ತಿಳಿಯದು. ಆ ಸಂಶಯದ ಬಲೆಯಲ್ಲಿ ಊರಿನ ಶ್ರೀನಿವಾಸನೂ ಇದ್ದಾನೆ. ಪರಸ್ಥಳದಲ್ಲಿ ನಮ್ಮೋರು ನಮ್ಮನ್ನು ಕಾಯ್ತಾರೆ ಅನ್ನೋ ನಂಬಿಕೆಯ ಮೇಲೆ ನಮ್ಮ ಸಂಘಗಳು ನಿಂತಿವೆ. ಚಿತ್ತಾಲರು ಆ ನಂಬಿಕೆಯ ಬುಡಕ್ಕೇ ಕೈ ಹಾಕಿದ್ದಾರೆ. ಬ್ಯಾಂಕಿನಲ್ಲಿ ಬಡ್ತಿಯ ರಾಜಕೀಯ ಕಂಡವನಾದ್ದರಿಂದ ನನಗೆ ಇದು ಅತಿರೇಕ ಅನಿಸಲಿಲ್ಲ.

ಕಾಯ್ಕಿಣಿಯವರ ದಾರಿ ಬೇರೆ. ಕುದುರೆ ಹೊತ್ತೊಯ್ದ ಮದುಮಗ ದಗಡೂ ಪರಬ, ಸಿನಿಮಾ ಸ್ಟಂಟ್ ಮಾಡುವ ತೂಫಾನ್ ಮೇಲ್, ಇವರು ಯಾರೂ ಕನ್ನಡಿಗರಲ್ಲ. ಆದರೆ ಪುಟದ ಮೇಲೆ ಎಲ್ಲರೂ ಕನ್ನಡದಲ್ಲೇ ಬದುಕುತ್ತಾರೆ. ಕನ್ನಡ ಇಲ್ಲಿ ಯಾರ ರಕ್ತಕ್ಕೂ ಅಂಟಿಕೊಂಡದ್ದಲ್ಲ, ಎಲ್ಲರನ್ನೂ ಒಳಗೆ ಕರೆಯುವ ಮನೆ. ಒಂದು ತಕರಾರು ಮಾತ್ರ ಇದೆ. ಆ ಕನ್ನಡ ಎಲ್ಲರ ಬಾಯಲ್ಲೂ ಒಂದೇ ಹದದ ಮೃದು ಮಾತು. ಚಾಳಿನ ಮರಾಠಿಯ ಖಾರ, ಬಂಬೈಯಾ ಹಿಂದಿಯ ಒರಟು ಬಹಳಷ್ಟು ಕಡೆ ಕರಗಿಹೋಗುತ್ತದೆ. ನಲವತ್ತು ವರ್ಷ ಲೋಕಲ್ ಟ್ರೇನಿನಲ್ಲಿ ನೇತಾಡಿದ ಕಿವಿಗೆ ಅದು ಸ್ವಲ್ಪ ಸಪ್ಪೆ.

ಆದರೂ ನನ್ನ ವೋಟು ಕಾಯ್ಕಿಣಿಯವರಿಗೆ. ಚಿತ್ತಾಲರು ಹಣೆಪಟ್ಟಿಯ ಪೊಳ್ಳು ತೋರಿಸಿದರು, ಇವರು ಅದಿಲ್ಲದೆಯೂ ಕನ್ನಡದವರಾಗಿ ಇರಬಹುದು ಅಂತ ತೋರಿಸಿದರು.

ನಮ್ಮಲ್ಲಿ ಆಗುತ್ತಿರೋದು ಇದರ ತಿರುವುಮುರುವು. ಪಟ್ಟಿ ಗಟ್ಟಿಯಾಗಿದೆ, ಭಾಷೆ ಸಡಿಲ. ಎರಡು ವರ್ಷ ಗಿರಾಕಿ ವ್ಯವಹಾರ ಮಾಡದ ಉಳಿತಾಯ ಖಾತೆಯನ್ನು ಬ್ಯಾಂಕಿನಲ್ಲಿ ನಿಷ್ಕ್ರಿಯ ಅಂತ ಗುರುತಿಸುತ್ತಾರೆ. ಹೆಸರು ಇರುತ್ತದೆ, ಬಾಕಿಯೂ ಇರುತ್ತದೆ, ಆದರೆ ಚೆಕ್ ಪಾಸಾಗುವುದಿಲ್ಲ. ನನ್ನ ಮಗಳ ಕನ್ನಡ ಅಂಥ ಖಾತೆ. ತಪ್ಪು ಅವಳದ್ದಲ್ಲ. ಸಭೆಯಲ್ಲಿ ಭಾಷಣ ಬಿಗಿದ ನಾನು ಮನೆಯಲ್ಲಿ ಅವಳನ್ನು ಕೂರಿಸಿ ಅ ಆ ಇ ಈ ತಿದ್ದಿಸಲಿಲ್ಲ.

ಅವಳು ಕಾಯ್ಕಿಣಿಯವರನ್ನು ಓದಿದ್ದು ಇಂಗ್ಲಿಷಿನಲ್ಲಿ. ತೇಜಸ್ವಿನಿ ನಿರಂಜನ ಅನುವಾದಿಸಿದ, 2018ರ ಸಾಲಿನ ಡಿ.ಎಸ್.ಸಿ. ಬಹುಮಾನ ಪಡೆದ 'ನೋ ಪ್ರೆಸೆಂಟ್ಸ್ ಪ್ಲೀಸ್'. ಓದಿ ಮುಗಿಸಿ, "ಪಪ್ಪಾ, ಇದು ನಮ್ಮ ಮುಂಬೈಯೇ. ಇದನ್ನ ಕನ್ನಡದಲ್ಲಿ ಬರೆದದ್ದಾ?" ಅಂದಳು. ಆ ಪ್ರಶ್ನೆಯಲ್ಲಿದ್ದ ಆಶ್ಚರ್ಯ ನನಗೆ ನಾಟಿತು.

ಈಗ ಉತ್ತರ ಹೇಳಬಲ್ಲೆ, ಮಗಾ. ತುಳು ಸುಳ್ಳಲ್ಲ, ಕನ್ನಡವೂ ಸುಳ್ಳಲ್ಲ. ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಓದಿ ನಾನೇ ಕಟ್ಟಿಕೊಂಡದ್ದು. ಸುಳ್ಳು ಇದ್ದದ್ದು ನನ್ನ ಭಾಷಣದ "ನಾವು" ಎಂಬ ಮಾತಿನಲ್ಲಿ. ನಿನಗೆ ಓದಲು ಕಲಿಸದೆಯೇ ನಿನ್ನನ್ನೂ ಅದರಲ್ಲಿ ಸೇರಿಸಿಬಿಟ್ಟಿದ್ದೆ.